ಕಣ್ಣಿಗೆ ಸಿಗದ ಮಾತು

ಮೂವತ್ತಾರು ವರ್ಷ ಗಿರಣಿಯಲ್ಲಿ ಮಗ್ಗ ನಡೆಸಿ ನಿವೃತ್ತರಾದ ಹಿರಿಯರೊಬ್ಬರಿಗೆ ಮನೆಯ ಮೌನ ಒಗ್ಗಲೇ ಇಲ್ಲ. ಗಿರಣಿಯಲ್ಲಿ ನೂರಿಪ್ಪತ್ತು ಮಗ್ಗಗಳು ಒಟ್ಟಿಗೆ ಬಡಿಯುವಾಗ ಯಾರ ದನಿಯೂ ಯಾರಿಗೂ ಕೇಳುತ್ತಿರಲಿಲ್ಲ. ಎಲ್ಲರೂ ತುಟಿಯನ್ನಷ್ಟೇ ಆಡಿಸಿ ಮಾತಾಡುತ್ತಿದ್ದರು. ಎಂಟು ಮಗ್ಗದಾಚೆ ಯಾರು ಯಾರನ್ನು ಬೈದರೂ ಇವರ ಕಣ್ಣಿಗೆ ಸಿಕ್ಕಿಬೀಳುತ್ತಿತ್ತು. ಅದಕ್ಕೇ ಜೊತೆಯವರು ‘ದುರ್ಬೀನು’ ಎಂದು ಹೆಸರಿಟ್ಟಿದ್ದರು. ಎದುರು ಸಾಲಿನಲ್ಲಿ ನೂಲು ಸುತ್ತುತ್ತಿದ್ದ ಹುಡುಗಿಯನ್ನು ಮದುವೆಗೆ ಒಪ್ಪಿಸಿದ್ದೂ ಹಾಗೆಯೇ, ಒಂದಿಷ್ಟೂ ಸದ್ದಿಲ್ಲದೆ.

ಇಬ್ಬರೂ ಒಂದೇ ವರ್ಷ ಕೆಲಸ ಬಿಟ್ಟರು. ಐದನೆಯ ತಿಂಗಳಿಗೆ ದೇವರು ಆಕೆಯನ್ನು ಕರೆಸಿಕೊಂಡ. ಆಸ್ಪತ್ರೆಯಲ್ಲಿ ಕೊನೆಗೆ ಆಕೆ ಏನೋ ಹೇಳಿದಳು. ಬಾಯಿಯ ಮೇಲೆ ಆಕ್ಸಿಜನ್ ಮಾಸ್ಕ್. ಮಗ್ಗದ ಸದ್ದಿಗೆ ಮಂದವಾದ ಕಿವಿಗೆ ಕೇಳಲಿಲ್ಲ, ಕಣ್ಣಿಗೆ ತುಟಿ ಕಾಣಲಿಲ್ಲ. ಆ ಒಂದು ಮಾತು ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಈಗಲೂ ಬೆಳಿಗ್ಗೆ ಐದಕ್ಕೆ ಎಚ್ಚರ. ಸ್ನಾನ, ಪ್ರಾರ್ಥನೆ ಮುಗಿದರೆ ಸಂಜೆಯವರೆಗೂ ಮಾಡುವುದೇನು? ಕುರ್ಚಿಯಲ್ಲಿ ಕುಳಿತು ಸದ್ದಿಲ್ಲದೆ ಹೆಂಡತಿಯೊಡನೆ ಮಾತಾಡುವರು. ಕಡಿದ ನೂಲಿಗೆ ಗಂಟು ಹಾಕುವಂತೆ ಬೆರಳುಗಳು ತಮ್ಮಷ್ಟಕ್ಕೆ ಆಡುತ್ತಿರುತ್ತವೆ.

ಒಂದು ಮಧ್ಯಾಹ್ನ ಸೊಸೆ ಬಾಲ್ಕನಿಯ ಗಾಜಿನ ಬಾಗಿಲು ಹಾಕಿಕೊಂಡು ಫೋನಿನಲ್ಲಿ ತಾಯಿಯೊಡನೆ ಮಾತಾಡಿ ಒಳಗೆ ಬಂದಳು.

“ನನ್ನ ತಲೆ ಕೆಟ್ಟಿಲ್ಲ ಕಣಮ್ಮ,” ಎಂದರು ದುರ್ಬೀನು. “ಡಾಕ್ಟರು ಗೀಕ್ಟರು ಏನೂ ಬೇಡ ಅಂತ ನಿಮ್ಮಮ್ಮನಿಗೆ ಹೇಳು.”

ಸೊಸೆಯ ಮುಖ ಬಿಳಿಚಿತು. “ಅಯ್ಯೋ! ಪಕ್ಕದಲ್ಲೇ ನಿಂತು ಕರೆದ್ರೂ ಕೇಳಿಸಲ್ಲ, ಇದು ಹೇಗೆ ಕೇಳಿಸ್ತು ಮಾವ?”

“ಕೇಳಿಸ್ಲಿಲ್ಲ. ಕಾಣಿಸ್ತು.”

“ಹಾಗಾದ್ರೆ ಹೋದ ವಾರ ನಿಮ್ಮ ಗೊರಕೆ ಬಗ್ಗೆ ಹೇಳಿದ್ದು?”

“ಅದೂ ಕಾಣಿಸ್ತು. ನಿನ್ನ ಗಂಡಂದು ನನಗಿಂತ ಜೋರು, ತಿಳ್ಕೋ.”

ಇಬ್ಬರೂ ನಕ್ಕರು. ನಗು ಇಳಿದ ಮೇಲೆ ಅವರು ಹೇಳಿದರು: “ಎಲ್ಲರ ಮಾತೂ ಕಂಡಿದ್ದೀನಿ. ನಿಮ್ಮತ್ತೆ ಕೊನೇಲಿ ಹೇಳಿದ್ದು ಮಾತ್ರ ಕಾಣ್ಲಿಲ್ಲ. ಆ ಹಾಳು ಮಾಸ್ಕ್ ಅಡ್ಡ ಬಂತು.”

“ನಿಮಗೆ ಗೊತ್ತಾಗ್ಲಿಲ್ವಾ? ನೀವು ತಲೆ ಆಡಿಸಿದ್ರಲ್ಲ!”

“ಅವಳು ನೊಂದ್ಕೋಬಾರ್ದು ಅಂತ ಆಡಿಸ್ದೆ.”

ಸೊಸೆ ಫೋನನ್ನು ಮೇಜಿನ ಮೇಲಿಟ್ಟಳು. “ನಾನು ತಲೆದಿಂಬಿನ ಹತ್ರಾನೇ ಇದ್ದೆ ಮಾವ. ‘ಗಡ್ಡ ಬಿಟ್ಕೊಂಡು ಕರಡಿ ಥರ ಆಗಿದ್ದೀರಿ. ಮನೆಗೆ ಹೋಗಿ ಸ್ವಲ್ಪ ಮಲಗಿ. ನಾನು ಇಲ್ಲೇ ಇರ್ತೀನಿ’ ಅಂದ್ರು.”

ದುರ್ಬೀನು ಕೆನ್ನೆ ಸವರಿಕೊಂಡರು.

“ಇನ್ನೊಂದ್ಸಲ ಹೇಳಮ್ಮ. ದನಿ ಬೇಡ.”

ಸೊಸೆ ಅವರೆದುರು ಕುಳಿತು, ನಿಧಾನವಾಗಿ, ತುಟಿಯನ್ನಷ್ಟೇ ಆಡಿಸಿದಳು. ಅವರು ಎವೆಯಿಕ್ಕದೆ ನೋಡಿದರು. ಬಳಿಕ ಅವರ ತುಟಿಗಳೂ ಬಹಳ ಹೊತ್ತು ಆಡಿದವು. ಏನೆಂದು ಸೊಸೆ ಕೇಳಲಿಲ್ಲ.