ಮಾವನ ಮಿಷನ್ನು ಓಡಿದ ಭಾನುವಾರ

ಗುಜರಿಯವನು ಕೈಗಾಡಿ ತಂದು ನಿಲ್ಲಿಸಿದಾಗ ನಮ್ಮ ಮನೆಯ ಟೀವಿಯಲ್ಲಿ ದೇಶ ಹುಟ್ಟಿದ ಕಥೆಯ ಧಾರಾವಾಹಿ ಶುರುವಾಗಿತ್ತು. ಮುಂದಿನ ಕೋಣೆಯಲ್ಲಿದ್ದ ನನ್ನ ಮಾವನ ಕಾಲದ ಅಚ್ಚಿನ ಮಿಷನ್ನನ್ನು ಒಡೆದು ಒಯ್ಯಲು ಮಗ ಅವನಿಗೆ ಹೇಳಿದ್ದ. ಆ ಜಾಗದಲ್ಲಿ ಮೊಬೈಲ್ ಅಂಗಡಿ ಇಡುವ ಯೋಚನೆ ಅವನದು. ನಾನು ಬೇಡವೆಂದಿದ್ದೆ, ಒಂದು ಸಲ. ಹೇಳಿದ್ದನ್ನೇ ಹೇಳುವ ಅಭ್ಯಾಸ ನನಗಿಲ್ಲ.

“ಇದೊಂದು ನೋಡ್ಬಿಟ್ಟು ಸುತ್ತಿಗೆ ಎತ್ತೀನಿ ಅಮ್ಮ. ಇವತ್ತು ನಾಯಕ ಸಿಕ್ಕಿಬೀಳ್ತಾನೋ ಏನೋ,” ಎಂದು ಗುಜರಿಯವನು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತ.

ಟೀವಿಯಲ್ಲಿ ನಾಯಕ ನಮ್ಮದರಂಥದ್ದೇ ಅಚ್ಚಿನ ಮಿಷನ್ನಿನ ಪೆಡಲು ತುಳಿಯುತ್ತಿದ್ದ. ‘ನಾವು ಇಂದಿನಿಂದ ಯಾರ ಆಳೂ ಅಲ್ಲ’ ಎಂಬ ಹಾಳೆಗಳು ಒಂದೊಂದಾಗಿ ಹೊರಬರುತ್ತಿದ್ದವು. ಅಷ್ಟರಲ್ಲಿ ಸಿಪಾಯಿಗಳು ಕದ ತಟ್ಟಿದರು.

“ನಿಮ್ಮ ತಾತನೂ ಹೀಗೇ ತುಳೀತಿದ್ರು,” ಎಂದೆ ಮಗನಿಗೆ. “ನಮ್ಮೂರಿಗೆ ಆ ಹಾಳೆ ಅಚ್ಚಾಗಿದ್ದು ಈ ಮಿಷನ್ನಲ್ಲೇ. ಸಿಪಾಯಿಗಳು ಬಂದಾಗ ನಮ್ಮತ್ತೆ ಮಸಿ ಆರದ ಹಾಳೆ ಮೇಲೆ ತೆಳ್ಳನೆ ಸೀರೆ ಹಾಸಿ, ನಿಮ್ಮಪ್ಪನ್ನ ಎದೆ ಮೇಲೆ ಹಾಕ್ಕೊಂಡು ಬಾಣಂತಿ ಅಂತ ಮಲಗಿಬಿಟ್ರಂತೆ. ಬೆನ್ನಿನ ಮಸಿ ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲವಂತೆ.”

ಮಗ ಟೀವಿ ಬಿಟ್ಟು ನನ್ನ ಕಡೆ ತಿರುಗಿದ. “ಯಾಕಮ್ಮ ಇದನ್ನ ಹೇಳ್ಲೇ ಇಲ್ಲ?”

“ನಿನ್ನ ಮದುವೆಗೆ ಮುಂಚೇನೇ ಹೇಳಿದ್ದೆನಪ್ಪ. ಟೀವಿಯವರು ಹೇಳಿದ್ಮೇಲೆ ನಿಂಗೆ ಕಿವಿ ಬಂತು.”

ಸೊಸೆ ನಗು ತಡೆಯಲಾರದೆ ಅಡುಗೆಮನೆಗೆ ಓಡಿದಳು.

ಗುಜರಿಯವನು ಸುತ್ತಿಗೆ ದೂರ ತಳ್ಳಿದ. “ಇದನ್ನ ಒಡೆದೆ ಅಂದ್ರೆ ನನ್ನ ಹೆಂಡ್ತಿ ಮನೆಗೇ ಸೇರಿಸಲ್ಲ. ಅವಳು ಈ ಸೀರಿಯಲ್ ಬಿಟ್ಟು ಅಲ್ಲಾಡಲ್ಲ.”

ಮಗ ಹಟಮಾರಿ. “ಓಡಿದ್ರೆ ಇರ್ಲಿ. ಓಡ್ಲಿಲ್ಲ ಅಂದ್ರೆ ಭಾನುವಾರ ಗಾಡಿಗೆ,” ಎಂದ.

ತುಕ್ಕು ಉಜ್ಜಿದರೆ ಹೋಗುವಂಥದ್ದು. ಆದರೆ ಮಸಿ ಬಳಿಯುವ ರೋಲರಿನ ಮೆತ್ತನೆಯ ಮೈ ಹೋಗಿ ಬರೀ ಕಬ್ಬಿಣದ ಸರಳು ಉಳಿದಿತ್ತು. ನಮ್ಮ ಕಾಲದಲ್ಲಿ ಅಂಟು, ಬೆಲ್ಲ ಕಾಯಿಸಿ ರೋಲರು ಎರಕ ಹೊಯ್ಯುತ್ತಿದ್ದೆವು. ಬೇರೆಯವರ ಮನೆಯ ಇಲಿಗಳು ಕಾಳು ತಿಂದರೆ ನಮ್ಮ ಮನೆಯವು ರೋಲರು ತಿಂದು ಕೊಬ್ಬಿದ್ದವು.

ಸೊಸೆಯ ದೊಡ್ಡ ಪಾತ್ರೆಯಲ್ಲೇ ಪಾಕ ಇಟ್ಟೆ. ಗುಜರಿಯವನು ಕೊಳವೆ ತಂದುಕೊಟ್ಟ. ಒಳಗೆ ಎಣ್ಣೆ ಸವರಿ, ಸರಳು ನಿಲ್ಲಿಸಿ, ಪಾಕ ಸುರಿದೆವು. ಮಗ ಆತುರಗೆಟ್ಟು ಬೆಚ್ಚಗಿರುವಾಗಲೇ ಎಳೆದ. ಅರ್ಧ ಕೊಳವೆಗೇ ಕಚ್ಚಿಕೊಂಡಿತು. ನಾನು ಮತ್ತೆ ಒಲೆ ಹಚ್ಚಿದೆ. ಈ ಸಲ ಅವನೇ ಕೊಳವೆಯ ಪಕ್ಕ ಕಾವಲು ಕೂತ. ಮುಟ್ಟಲು ಬಂದ ಮೊಮ್ಮಗಳ ಕೈಗೆ ಏಟು ಬಿತ್ತು.

ಭಾನುವಾರ ಬೀದಿಯೆಲ್ಲ ನಮ್ಮ ಬಾಗಿಲಲ್ಲಿತ್ತು. ಗುಜರಿಯವನ ಹೆಂಡತಿ ಸುದ್ದಿ ಹರಡದೆ ಸುಮ್ಮನಿರುವವಳಲ್ಲವಲ್ಲ. ನಾನೂ ಮೊಮ್ಮಗಳೂ ಅಚ್ಚುಮೊಳೆ ಜೋಡಿಸಿ ಆ ಹಾಳೆಯ ಸಾಲನ್ನೇ ಕಟ್ಟಿದೆವು. ಮಗ ಕಾಲಿಟ್ಟು ತುಳಿದ. ಚಕ್ರ ಕಿರುಗುಟ್ಟಿ ನಿಂತಿತು.

“ಗಾಡಿ ತರ್ಲೇನಪ್ಪಾ?” ಎಂದು ಯಾರೋ ಕಿಚಾಯಿಸಿದರು.

“ಕೈಯಲ್ಲಿ ಚಕ್ರಕ್ಕೆ ಒಂದು ತಳ್ಳು ಕೊಡೋ. ಆಮೇಲೆ ತುಳಿ,” ಎಂದೆ.

ತಳ್ಳಿದ, ತುಳಿದ. ಚಕ್ರ ತಿರುಗಿತು. ರೋಲರು ಮೊಳೆಗಳ ಮೇಲೆ ಹಾದುಹೋಯಿತು. ನಾನು ಬಲಗೈಯಲ್ಲಿ ಹಾಳೆ ಕೊಟ್ಟು ಎಡಗೈಯಲ್ಲಿ ತೆಗೆದೆ. ಮೊಮ್ಮಗಳು ಅದನ್ನು ಎತ್ತಿಹಿಡಿದು ಗಟ್ಟಿಯಾಗಿ ಓದಿದಳು: “ನಾವು ಇಂದಿನಿಂದ ಯಾರ ಆಳೂ ಅಲ್ಲ!” ಬೀದಿಗೆ ಬೀದಿಯೇ ಅದನ್ನು ತಿರುಗಿ ಕೂಗಿತು.

“ಟೀವಿಯವರದ್ದಕ್ಕಿಂತ ನಿಮ್ದೇ ಕಪ್ಪಗಿದೆ. ನಂಗೊಂದು ಕೊಡಿ!” ಎಂದು ಗುಜರಿಯವನ ಹೆಂಡತಿ ನುಗ್ಗಿದಳು. ಹಿಂದೆಯೇ ಹತ್ತಾರು ಕೈಗಳು ಚಾಚಿದವು.

“ಮೊಬೈಲ್ ಅಂಗಡಿ ಎಲ್ಲಿ ಇಡ್ತೀಯೋ?” ಎಂದು ಪಕ್ಕದ ಮನೆಯವನು ಕೇಳಿದ.

ಮಗ ಬೆವರು ಸುರಿಸುತ್ತ ತುಳಿಯುತ್ತಲೇ ಇದ್ದ. “ಬೇರೆ ಜಾಗ ನೋಡ್ತೀನಿ, ಬಿಡ್ರೀ! ಅಮ್ಮಾ, ಹಾಳೆ, ಹಾಳೆ!”