ಹೊರಗೆ ಕೂರದ ಸೊಸೆ

"ಸೊಸಿ ಮೂರು ತಿಂಗಳಾತು ಹೊರಗ ಕುಂತಿಲ್ರಿ ಮೇಡಂ, ಬಸುರಿ ಅದಾಳ," ಎಂದು ಅತ್ತೆ ರೇಣುಕವ್ವ ದಾನಮ್ಮನನ್ನು ಡಾಕ್ಟರ ಮುಂದೆ ಕೂರಿಸಿದಳು.

ಗದಗಿನ ಮನೆಯಲ್ಲಾದರೆ ಮುಟ್ಟಾದವಳು ಕೂರಲು ಕಟ್ಟೆಯಿತ್ತು. ಬೆಂಗಳೂರಿನ ಬಿಟಿಎಂ ಬಡಾವಣೆಯ ಈ ಒಂದೇ ಕೋಣೆಯ ಬಾಡಿಗೆ ಮನೆಗೆ ಹೊರಗೆ ಎಂದರೆ ಎಲ್ಲರೂ ಓಡಾಡುವ ಮೆಟ್ಟಿಲು. ಅಲ್ಲಿ ಕೂರಲಾರದೆ ಅವಳು ಮುಟ್ಟನ್ನೇ ಮುಚ್ಚಿಟ್ಟಿದ್ದಳು.

ಡಾಕ್ಟರು ಅತ್ತೆಯನ್ನು ಆಚೆ ಕಳಿಸಿ ಬಾಗಿಲು ಹಾಕಿದರು. "ಮುಟ್ಟು ನಿಂತು ಎಷ್ಟು ದಿನ ಆಯ್ತಮ್ಮ?"

"ನಿಂತೇ ಇಲ್ರಿ. ನಲವತ್ತು ದಿನದಿಂದ ರಕ್ತ ಹೋಗಾಕತ್ತೈತಿ."

ಡಾಕ್ಟರು ಅವಳ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಸುಣ್ಣದಂತೆ ಬಿಳುಪು. "ಯಾರಿಗೂ ಹೇಳ್ಲಿಲ್ವಾ?"

"ಹೇಳಿದ್ರ ಹೊರಗ ಕುಂಡ್ರಸ್ತಾರ್ರಿ."

ಬಾಗಿಲ ಹೊರಗೆ ಕೂತ ರೇಣುಕವ್ವ ಆಗಲೇ ಊರಿಗೆ ಫೋನು ಹಚ್ಚಿ, ಸೊಸೆಯ ಸೀಮಂತದ ಕುಬಸಕ್ಕೆ ಹಸಿರು ಸೀರೆ ತರಲು ಹೇಳುತ್ತಿದ್ದಳು.