ಐದು ನಿಮಿಷ ಸುಮ್ಮನೆ

ತೋಳಿನ ಮೇಲೆ ಬಿಪಿ ಪಟ್ಟಿಯ ಗುರುತು ಹಾಗೇ ಇದೆ, ಬಿಗಿ ಬಳೆ ತೊಟ್ಟಾಗ ಮೂಡುವಂಥದ್ದು, ಉಜ್ಜಿದರೂ ಹೋಗುತ್ತಿಲ್ಲ — ಮಾತಾಡಬ್ಯಾಡ್ರಿ ಆಂಟಿ, ವಿಚಾರನೂ ಮಾಡಬ್ಯಾಡ್ರಿ, ಐದ ನಿಮಿಷ ಸುಮ್ನ ಕೂಡ್ರಿ, ಇನ್ನೊಮ್ಮೆ ಬಿಪಿ ನೋಡ್ತೀನಿ, ಅಂದಳು ನರ್ಸ್ ಭಾಗ್ಯಜ್ಯೋತಿ, ಗದಗಿನ ಕಡೆಯ ಹುಡುಗಿ, ವಿಚಾರ ಮಾಡಬೇಡ ಅಂದರೆ ನಿಲ್ಲಿಸುವುದಕ್ಕೆ ನನ್ನ ತಲೆಯೇನು ಮಿಕ್ಸಿಯೇ? ನೂರ ಎಪ್ಪತ್ತೆರಡಂತೆ. ಮೂರು ತಿಂಗಳು ವಾರಕ್ಕೆ ನಾಲ್ಕು ದಿನ, ಬಿಪಿ, ಬೊಜ್ಜು ಇಳಿಸುವ ಈ ಕ್ಲಾಸಿನಲ್ಲಿ ಮಂಡಿ ಎತ್ತಿ, ಕೈ ಬೀಸಿ, ಚಪ್ಪಾಳೆ ತಟ್ಟಿ ಕುಣಿದಿದ್ದಕ್ಕೆ ನೂರ ಎಪ್ಪತ್ತೆರಡು, ಇನ್ನೊಮ್ಮೆ ನೋಡಿದಾಗಲೂ ಇಳಿಯದಿದ್ದರೆ ಕುಣಿತ ಬಂದ್, ಡಾಕ್ಟರು ಇನ್ನೊಂದು ಗುಳಿಗಿ ಸೇರಿಸ್ತಾರ್ರಿ ಅಂದಿದ್ದಾಳೆ, ಅದನ್ನು ಕೇಳಿದ ಮೇಲೆ ಯಾರ ಬಿಪಿ ಇಳಿಯುತ್ತದೆ? ಈ ಹಾಲ್ ನಿಂತಿರುವುದು ನಮ್ಮ ಮಾವ ರಾಗಿ ಬೆಳೆದ ನೆಲದ ಮೇಲೆ, ಅದಕ್ಕೇ ಮನೆಯಲ್ಲಿ ಕೊಂಕು, ನಮ್ಮಮ್ಮ ಇಲ್ಲಿ ಕಳೆ ಕಿತ್ತವಳು, ಅವಳ ಸೊಸೆ ಇಲ್ಲೇ ಡ್ಯಾನ್ಸು, ಯಡಿಯೂರು ಉದ್ಧಾರ ಆಯ್ತು ಬಿಡು — ನಮ್ಮ ಯಜಮಾನರು, ಗಂಗಾಧರಯ್ಯನವರು, ದಿನಾ ಬೆಳಿಗ್ಗೆ ಪೇಪರಿನ ಹಿಂದಿನಿಂದ, ಮುಖ ಕೂಡ ತೋರಿಸದೆ. ಕುಣಿಸುವ ಶರಣ್ ಒಬ್ಬನೇ ನನ್ನ ಪಾಲಿಗೆ ದೇವರಂಥವನು, ಬೋರ್ಡಿನ ಮೇಲೆ ನನ್ನ ಹೆಸರೇ ಮೊದಲು ಬರೆದಿದ್ದಾನೆ, ಲಕ್ಷ್ಮಮ್ಮ, ಕೊಬ್ಬು ಶೇಕಡಾ ನಲವತ್ತೊಂದರಿಂದ ಮೂವತ್ತೇಳು, ಎಲ್ರೂ ಆಂಟಿಗೆ ಕ್ಲ್ಯಾಪ್ಸ್ ಕೊಡಿ, ಸಖತ್ ಆಂಟಿ! ಪಕ್ಕದಲ್ಲಿ ಕುಣಿಯುವ ಗೋವಿಂದಮ್ಮನ ಮುಖ ನೋಡಬೇಕಿತ್ತು, ಕೊಬ್ಬು ಅಳೆಯುವ ಮಿಷನ್ನಿಗೆ ಉಪಾಯ ಹೇಳಿಕೊಟ್ಟವಳು ಅವಳೇ, ತಾನು ಮಾತ್ರ ಎರಡು ಗಂಟೆಯೂ ಹಸಿವು ತಡೆಯಲಾರದೆ ಚಿತ್ರಾನ್ನ ತಿಂದು ಬಂದವಳು — ಅಳತೆ ದಿನ ಏನೂ ತಿನ್ಬೇಡ ಕಣೇ, ಹಿಂದಿನ ದಿನಾನೂ ಒಪ್ಪೊತ್ತು ಅಂದ್ಕೊ, ದೇವರ ಲೆಕ್ಕಕ್ಕೂ ಆಯ್ತು, ಮಿಷನ್ ಲೆಕ್ಕಕ್ಕೂ ಆಯ್ತು. ನಾನೋ ಒಪ್ಪೊತ್ತು ಎಲ್ಲಿ, ಶುಕ್ರವಾರ ಪೂರ್ತಿ ನೀರು ಮಜ್ಜಿಗೆಯಲ್ಲೇ ಕಳೆದು ಶನಿವಾರ ಬೆಳಿಗ್ಗೆ ಬರಿಗಾಲಲ್ಲಿ ಮಿಷನ್ ಹತ್ತುವವಳು.

ಬಿಪಿ ಗುಳಿಗಿ ತಗೊಂಡೀರಿಲ್ರಿ, ಅಂದಿದ್ದಳು ಭಾಗ್ಯಜ್ಯೋತಿ, ಆಗ ಪಟ್ಟಿ ಬಿಚ್ಚುವಾಗ. ಹ್ಞೂಂ ಕಣಮ್ಮಾ ಅಂದುಬಿಟ್ಟೆ. ಎಲ್ಲಿ ತಗೊಂಡೆ? ಚೀಟಿಯಲ್ಲಿ ಬರೆದಿದೆಯಲ್ಲ, ತಿಂಡಿಯ ನಂತರ ಎಂದು, ತಿಂಡಿಯೇ ಇಲ್ಲದ ಮೇಲೆ ನಂತರ ಎಲ್ಲಿಂದ ಬರಬೇಕು, ನಿನ್ನೆಯೂ ಇಲ್ಲ ಇವತ್ತೂ ಇಲ್ಲ — ಹೋದ ತಿಂಗಳೂ ಹೀಗೇ, ಅದರ ಹಿಂದಿನ ತಿಂಗಳೂ — ಅಯ್ಯೋ, ಬಿಪಿ ನೋಡುವುದೂ ಇವರು ತಿಂಗಳಿಗೊಮ್ಮೆ, ಅಳತೆಯ ದಿನವೇ. ಅಂದರೆ ಮೂರು ಸಲವೂ ಇವರು ನೋಡಿದ್ದು ಗುಳಿಗೆ ಬಿಟ್ಟ ನನ್ನನ್ನು. ಎಂಥ ದಡ್ಡಿ ನಾನು. ಹೋದ ಸಲ ಡಾಕ್ಟರು ಡಬಲ್ ಪವರ್ ಬರೆದರು, ಮಾರನೆಯ ದಿನದಿಂದ ಹೊಟ್ಟೆ ತುಂಬ ತಿಂದು ಅದನ್ನೂ ನುಂಗಿದೆ, ಹತ್ತನೆಯ ದಿನಕ್ಕೋ ಏನೋ ಹಿತ್ತಲಲ್ಲಿ ಬಕೆಟ್ ಎತ್ತಲು ಬಗ್ಗಿ ಎದ್ದೆ, ಕಣ್ಣು ಕತ್ತಲೆ, ನೆಲ ಜಾರಿ ಹೋಯಿತು, ಎಚ್ಚರವಾದಾಗ ಒಗೆಯುವ ಕಲ್ಲಿನ ಅಂಚು ಕಿವಿಯ ಪಕ್ಕದಲ್ಲಿ, ಒಂದು ಗೇಣು, ಗೇಣೂ ಇಲ್ಲ. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಯಜಮಾನರು ಕುಣಿಯೋದು ಬಿಡು ಅನ್ನುತ್ತಿದ್ದರು, ಸೋಪು ತುಳಿದೆ ಅಂದೆ. ಈಗ, ಬಿಪಿ ಇಳಿಸಿ ಕೆಡವಿದ ಆ ಡಬಲ್ ಪವರ್ ಮೇಲೆ, ಇನ್ನೊಂದು ಗುಳಿಗೆ. ಹೇಳಿಬಿಡಲೇ? ಹೇಳಿದರೆ ಆ ಬೋರ್ಡು? ಮೂವತ್ತೇಳರಲ್ಲಿ ಕುಣಿತದ್ದೆಷ್ಟು, ಉಪವಾಸದ್ದೆಷ್ಟು? ಗೋವಿಂದಮ್ಮ ಊರಿಗೆಲ್ಲ ಡಂಗುರ ಹೊಡೆಯುತ್ತಾಳೆ, ಶರಣ್ ಆ ಮುಖ ಮಾಡಿಕೊಳ್ಳುತ್ತಾನೆ, ಏನಾಂಟೀ ನೀವು ಅಂತ, ಪೇಪರಿನ ಹಿಂದಿನಿಂದ ನಗು ಬರುತ್ತದೆ — ಬರಲಿ — ಇಲ್ಲ, ಮುಂದಿನ ತಿಂಗಳು ತಿಂದೇ ಬಂದರಾಯಿತು, ಇವತ್ತೊಂದು ಸಲ, ಇನ್ನೊಂದು ಗುಳಿಗೆ ಬರೆದರೆ ಬರೆಯಲಿ, ನುಂಗದಿದ್ದರಾಯಿತು, ನುಂಗದೆ ಇರುತ್ತೇನೆಯೇ, ಚೀಟಿಯಲ್ಲಿ ಬರೆದದ್ದನ್ನು ಅಕ್ಷರ ಬಿಡದೆ ಮಾಡುವವಳು ನಾನು, ಅದೇ ಅಲ್ಲವೇ ಇಲ್ಲಿಗೆ ತಂದು ಕೂರಿಸಿದ್ದು, ನುಂಗುತ್ತೇನೆ, ಹಿತ್ತಲಿಗೆ ಹೋಗುತ್ತೇನೆ, ಬಗ್ಗುತ್ತೇನೆ, ಕಲ್ಲಿನ ಅಂಚು —

ಐದ ನಿಮಿಷ ಆತ್ರಿ ಆಂಟಿ, ಕೈ ಕೊಡ್ರಿ. ಪಟ್ಟಿ ಉಬ್ಬುತ್ತದೆ, ಬಿಗಿಯುತ್ತದೆ, ಸುಯ್ಯೆಂದು ಇಳಿಯುತ್ತದೆ. ನೂರ ಎಪ್ಪತ್ತಾರು, ಏರೇಬಿಡ್ತಲ್ರಿ, ಡಾಕ್ಟರಿಗೆ ಬರದ ಕಳಸ್ತೀನಿ, ಅನ್ನುತ್ತಾಳೆ, ಪೆನ್ನಿನ ಮುಚ್ಚಳ ತೆಗೆಯುತ್ತಾಳೆ, ನನ್ನ ಕೈ ತಾನಾಗಿ ಹೋಗಿ ಅವಳ ಮಣಿಕಟ್ಟು ಹಿಡಿಯುತ್ತದೆ, ತಡಿಯಮ್ಮಾ, ಬರೀಬೇಡ, ನಾನು ನಿನ್ನೆಯಿಂದ ಗುಳಿಗೇನೇ — ಏನ್ರಿ ಆಂಟಿ — ನಾನು — ಕಿವಿಯ ಪಕ್ಕ ಅವತ್ತಿನ ಆ ಕಲ್ಲು, ಒದ್ದೆ ಕಲ್ಲು, ಅದರ ಅಂಚು, ಒಂದು ಗೇಣು, ಗೇಣೂ ಇಲ್ಲ